ಹಳೆಯ ಸೇನಾ ಟ್ರಕ್ಕಿಗೆ ಬೇರೆ ಎಂಜಿನ್: ಲೆಕ್ಕ ಚಕ್ರದಿಂದ ಶುರುವಾಗಲಿ

ಮಾಸಿದ ಹಸಿರು ಬಣ್ಣ, ಮುಂದಕ್ಕೆ ಚಾಚಿದ ಮೂತಿ, ಚಪ್ಪಟೆ ಮಡ್‌ಗಾರ್ಡು, ದಪ್ಪ ಕಬ್ಬಿಣದ ಬಂಪರು. ನೋಡಿದವರು ‘ಮಿಲಿಟರಿ ನಿಸಾನ್’ ಎಂದು ತಟ್ಟನೆ ಗುರುತಿಸುತ್ತಾರೆ. ಆದರೆ ಸೆಲ್ಫ್ ಹೊಡೆದಾಗ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ನಯವಾದ ಸದ್ದು ಬರುವ ಬದಲು ಟಾಟಾ 407ರ ಡೀಸೆಲ್ ಕಟಕಟ ಕೇಳುತ್ತದೆ. ಸೇನೆಯ ಹರಾಜಿನಿಂದ ಬಂದ ನಿಸಾನ್, ಜೋಂಗಾ, ಜೀಪುಗಳಲ್ಲಿ ಎಷ್ಟೋ ಗಾಡಿಗಳು ಮಲೆನಾಡು, ಕೊಡಗಿನ ತೋಟಗಳಲ್ಲಿ ಹೀಗೆ ಎರವಲು ಎಂಜಿನ್ ಹೊತ್ತುಕೊಂಡೇ ಬದುಕಿವೆ. ಮೂಲ ರೂಪವೇ ಮುಖ್ಯ ಎನ್ನುವ ಸಂಗ್ರಹಕಾರರಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಅವರ ತೀರ್ಪನ್ನು ಒಪ್ಪಲಾರೆ. ಬೇರೆ ಎಂಜಿನ್ ಬಂದಿತೆಂಬ ಕಾರಣಕ್ಕೆ ಯಾವ ಟ್ರಕ್ಕೂ ಕೆಡಲಿಲ್ಲ. ಅಳತೆ, ಲೆಕ್ಕ ಎರಡನ್ನೂ ಬಿಟ್ಟು ಕೂರಿಸಿದ್ದರಿಂದ ಕೆಟ್ಟವು ಮಾತ್ರ ಬೇಕಾದಷ್ಟಿವೆ.

ಮೊದಲು, ಹಳೆಯ ಎಂಜಿನ್ನನ್ನು ಯಾಕೆ ಇಳಿಸುತ್ತಾರೆ ಎಂಬುದನ್ನು ನೋಡೋಣ. ಜಬಲ್ಪುರದಲ್ಲಿ ತಯಾರಾದ ಜೋಂಗಾ ಮತ್ತು ಒನ್ ಟನ್ ನಿಸಾನ್ ಎರಡಕ್ಕೂ ಇದ್ದದ್ದು ನಿಸಾನ್ ಕಂಪನಿಯ ‘ಪಿ’ ಎಂಜಿನ್. ಆರು ಸಿಲಿಂಡರ್, 3956 ಸಿಸಿ, ಪೆಟ್ರೋಲ್. ಗಟ್ಟಿಮುಟ್ಟಾದ, ಸಭ್ಯ ಎಂಜಿನ್ ಅದು. ಆದರೆ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಪುಣ್ಯ. ಡಿಪೋದಿಂದ ಪೆಟ್ರೋಲ್ ಬರುತ್ತಿದ್ದ ಕಾಲದಲ್ಲಿ ಅದನ್ನು ಯಾರೂ ಲೆಕ್ಕ ಹಾಕಲಿಲ್ಲ. ಬಂಕಿನಲ್ಲಿ ಕೈಯಿಂದ ಕಾಸು ಕೊಡುವವನಿಗೆ ಅದೇ ಮೊದಲ ಲೆಕ್ಕ. ಆಮೇಲೆ ಪೆಟ್ರೋಲೂ ಬದಲಾಯಿತು. 2000ನೇ ಇಸವಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಹಳೆಯ ಎಂಜಿನ್ನುಗಳ ಎಗ್ಸಾಸ್ಟ್ ವಾಲ್ವಿನ ಸೀಟು ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಈಗ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಅದು ಹಳೆಯ ರಬ್ಬರು, ಪಂಪಿನ ಡಯಾಫ್ರಾಂಗಳನ್ನು ಉಬ್ಬಿಸುತ್ತದೆ, ತೇವ ಹೀರಿ ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ.

ಇವೆಲ್ಲ ನಿಜವೇ ಆದರೂ, ಇವಿಷ್ಟಕ್ಕೇ ಎಂಜಿನ್ ಕಿತ್ತು ಹಾಕಬೇಕಾಗಿಲ್ಲ. ಗಟ್ಟಿ ಉಕ್ಕಿನ ವಾಲ್ವ್ ಸೀಟು ಕೂರಿಸಬಹುದು, ಹೊಸ ಕಾಲದ ರಬ್ಬರ್ ಹಾಕಬಹುದು. ಬ್ಲಾಕು ಸೀಳಿದಾಗ, ಕ್ರ್ಯಾಂಕನ್ನು ಕೊನೆಯ ಅಳತೆಯವರೆಗೂ ಗ್ರೈಂಡ್ ಮಾಡಿ ಮುಗಿದಾಗ, ಮತ್ತೆ ಅಂಥದ್ದು ಎಲ್ಲೂ ಸಿಗದಿದ್ದಾಗ ಮಾತ್ರ ಬದಲಿಯ ಮಾತು ನ್ಯಾಯವಾಗುತ್ತದೆ. ಗಾಡಿಯನ್ನು ದಿನವೂ ದುಡಿಸಬೇಕಾದ ತೋಟದ ಮಾಲೀಕನಿಗೆ ಮೈಲೇಜಿನ ಕಾರಣವೂ ನ್ಯಾಯವೇ.

ಸೇನೆಗಳೇ ಹಾಕಿಕೊಟ್ಟ ದಾರಿ

ಈ ಕೆಲಸವನ್ನು ಗುಜರಿಯವರ ಚಾಳಿ ಎಂದು ತಿಳಿದವರು ಸೇನೆಗಳ ಇತಿಹಾಸ ನೋಡಬೇಕು. ಅಮೆರಿಕ ಸೇನೆಯ ಎರಡೂವರೆ ಟನ್ನಿನ ಎಂ35 ಟ್ರಕ್ಕನ್ನು ತೆಗೆದುಕೊಳ್ಳಿ. ರಿಯೋ ಕಂಪನಿ ರೂಪಿಸಿದ ಈ ಗಾಡಿ 1950ರ ಸುಮಾರಿಗೆ ಪೆಟ್ರೋಲ್ ಎಂಜಿನ್ ಹೊತ್ತು ಬಂತು. 1960ರ ದಶಕದಲ್ಲಿ ಅದೇ ಚಾಸಿಗೆ ‘ಮಲ್ಟಿಫ್ಯೂಯೆಲ್’ ಎಂಜಿನ್ ಕೂತಿತು. ಡೀಸೆಲ್, ಸೀಮೆಎಣ್ಣೆಯಂಥ ವಿಮಾನದ ಇಂಧನ, ಗತಿಯಿಲ್ಲದಾಗ ಪೆಟ್ರೋಲು, ಯಾವುದು ಸಿಕ್ಕರೂ ಸುಡುವ 7.8 ಲೀಟರಿನ ಎಂಜಿನ್. ಯುದ್ಧಭೂಮಿಯಲ್ಲಿ ಯಾವ ಪೀಪಾಯಿ ಕೈಗೆ ಸಿಗುತ್ತದೋ ಹೇಳಲಾಗದು ಎಂಬುದೇ ಅದರ ಹಿಂದಿನ ತರ್ಕ. 1990ರ ದಶಕದಲ್ಲಿ ಹಳೆಯ ಎಂ35ಗಳನ್ನು ಕಾರ್ಖಾನೆಗೆ ಒಯ್ದು, ಬಿಚ್ಚಿ, ಕ್ಯಾಟರ್‌ಪಿಲ್ಲರ್ 3116 ಡೀಸೆಲ್ ಎಂಜಿನ್, ಆಲಿಸನ್ ಕಂಪನಿಯ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಹಾಕಿ, ಎಂ35ಎ3 ಎಂಬ ಹೆಸರಿನಲ್ಲಿ ಮತ್ತೆ ಪಡೆಗಳಿಗೆ ಕೊಟ್ಟರು. ಒಂದೇ ವಿನ್ಯಾಸ, ನಾಲ್ಕು ದಶಕ, ಮೂರು ಬಗೆಯ ಎಂಜಿನ್. ಯಾವುದು ‘ಅಸಲಿ’ ಎಂ35 ಎಂದು ಕೇಳಿದರೆ ಸೇನೆಯೇ ಮೂರನ್ನೂ ತೋರಿಸುತ್ತದೆ.

ರಷ್ಯನ್ನರದೂ ಇದೇ ಕಥೆ. ಉರಲ್-375 ಎಂಬ ಆರು ಚಕ್ರದ ದೈತ್ಯಕ್ಕೆ ಏಳು ಲೀಟರಿನ ಪೆಟ್ರೋಲ್ ವಿ8 ಇತ್ತು. ಅದರ ಇಂಧನದ ದಾಹ ಕುಖ್ಯಾತ. ಮೇಲಾಗಿ ಅದಕ್ಕೆ ಹೆಚ್ಚು ಆಕ್ಟೇನಿನ ಪೆಟ್ರೋಲೇ ಬೇಕಿತ್ತು. 1977ರಲ್ಲಿ ಅದೇ ಗಾಡಿಗೆ ಕಮಾಜ್ ಡೀಸೆಲ್ ಎಂಜಿನ್ ಬಂದು ಉರಲ್-4320 ಆಯಿತು.

ನಮ್ಮಲ್ಲಿ ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಮಿತ್ರಪಡೆಗಳು ಬಿಟ್ಟುಹೋದ ಷೆವರ್ಲೆ, ಫೋರ್ಡ್, ಡಾಡ್ಜ್ ಲಾರಿಗಳು ‘ಡಿಸ್ಪೋಸಲ್’ ಮಾಲಾಗಿ ಮಾರಾಟವಾದವು. ಕೆನಡಾ ದೇಶವೊಂದೇ ಆ ಯುದ್ಧಕ್ಕಾಗಿ ಎಂಟು ಲಕ್ಷಕ್ಕೂ ಹೆಚ್ಚು ವಾಹನ ತಯಾರಿಸಿತ್ತು. ಅಮೆರಿಕದ ಜಿಎಂಸಿ ಎರಡೂವರೆ ಟನ್ ಟ್ರಕ್ಕುಗಳ ಸಂಖ್ಯೆ ಐದು ಲಕ್ಷ ದಾಟಿತ್ತು. ಅವುಗಳಲ್ಲಿ ಭಾರತದಲ್ಲಿ ಉಳಿದವು ಇಲ್ಲಿನ ರಸ್ತೆಗಳಲ್ಲಿ ಸರಕು ಲಾರಿಗಳಾದವು, ಮರದ ಬಾಡಿ ಕಟ್ಟಿಸಿಕೊಂಡು ಬಸ್ಸುಗಳಾದವು. ಎಲ್ಲವೂ ಪೆಟ್ರೋಲ್ ಗಾಡಿಗಳೇ. ಆಗ ಉಳಿಸಿದ್ದು ಇಂಗ್ಲೆಂಡಿನ ಪೀಟರ್‌ಬರೋದ ಪರ್ಕಿನ್ಸ್ ಕಂಪನಿಯ ಪಿ6 ಡೀಸೆಲ್ ಎಂಜಿನ್. ಪೆಟ್ರೋಲ್ ಲಾರಿಯ ಬಾನೆಟ್ಟಿನಡಿ ಹಿಡಿಸುವಷ್ಟು ಸಣ್ಣದಾಗಿ, ವೇಗವಾಗಿ ತಿರುಗುವಂತೆ ಮಾಡಿದ 4.7 ಲೀಟರಿನ ಆರು ಸಿಲಿಂಡರ್ ಎಂಜಿನ್. 1950ರ ದಶಕದಲ್ಲಿ ಮದರಾಸಿನ ಸಿಂಪ್ಸನ್ ಕಂಪನಿ ಅದನ್ನು ಇಲ್ಲಿಯೇ ತಯಾರಿಸತೊಡಗಿತು. ‘ಪರ್ಕಿನ್ಸ್ ಹಾಕಿಸಿದ ಗಾಡಿ’ ಎಂದರೆ ಆ ಕಾಲದ ಲಾರಿ ಮಾಲೀಕರಿಗೆ ಒಂದು ಭರವಸೆ.

ಜೀಪಿನದು ಇನ್ನೂ ಸ್ವಾರಸ್ಯ. ಮಹೀಂದ್ರದವರು ವಿಲ್ಲೀಸ್ ವಿನ್ಯಾಸದ ಜೀಪಿಗೆ ಮೊದಲು ಕೊಟ್ಟದ್ದು ಪೆಟ್ರೋಲ್ ಎಂಜಿನ್. ಡೀಸೆಲ್ ಬೇಕಾದಾಗ ಕಂಪನಿ ದೂರ ಹೋಗಲಿಲ್ಲ, ತನ್ನದೇ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಎಂಜಿನ್ನನ್ನು ಜೀಪಿಗೆ ಅಳವಡಿಸಿತು. ಆಮೇಲೆ ಪ್ಯೂಜೋ ಪರವಾನಗಿಯ ಡೀಸೆಲ್ ಬಂತು. ಉಳುಮೆಯ ಎಂಜಿನ್ ಜೀಪಿನಲ್ಲಿ ಕೂತದ್ದು ಹೀಗೆ ಕಂಪನಿಯ ಕೈಯಿಂದಲೇ. ನಮ್ಮ ಊರಿನ ಮೇಸ್ತ್ರಿ ಮಾಡಿದರೆ ಮಾತ್ರ ತಪ್ಪು ಎನ್ನಲು ಕಾರಣವಿಲ್ಲ.

ಎಂ37ರ ಲೆಕ್ಕ

ಈಗ ಕೆಲಸದ ಒಳಕ್ಕೆ ಹೋಗೋಣ. ಉದಾಹರಣೆಗೆ ನಾನು ಆರಿಸಿಕೊಳ್ಳುವುದು ಅಮೆರಿಕದ ಡಾಡ್ಜ್ ಎಂ37. ಅದರ ಅಂಕಿಗಳು ಚೆನ್ನಾಗಿ ಗೊತ್ತಿರುವುದರಿಂದ, ಮತ್ತು ಅದರ ಮೂತಿ, ಮೈಕಟ್ಟು ನಮ್ಮ ಒನ್ ಟನ್ ನಿಸಾನ್‌ಗೆ ತೀರಾ ಹತ್ತಿರ ಇರುವುದರಿಂದ.

1951ರಿಂದ 1968ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ತಯಾರಾದ, ಮುಕ್ಕಾಲು ಟನ್ ಹೊರುವ, ನಾಲ್ಕೂ ಚಕ್ರ ಎಳೆಯುವ ಟ್ರಕ್ ಅದು. ಎಂಜಿನ್ 3.8 ಲೀಟರ್, ಆರು ಸಿಲಿಂಡರ್, ಪೆಟ್ರೋಲ್, 78 ಅಶ್ವಶಕ್ತಿ. ವಾಲ್ವುಗಳು ತಲೆಯ ಮೇಲಿಲ್ಲ, ಬ್ಲಾಕಿನ ಪಕ್ಕದಲ್ಲಿವೆ. ಡಿಫರೆನ್ಷಿಯಲ್ ಅನುಪಾತ 5.83. ಅಂದರೆ ಪ್ರಾಪೆಲ್ಲರ್ ಶಾಫ್ಟ್ 5.83 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರು 9.00-16, ಎತ್ತರ ಸುಮಾರು 34 ಇಂಚು ಚಿಲ್ಲರೆ. ಒಂದು ಸುತ್ತಿಗೆ ಗಾಡಿ ಸುಮಾರು 2.75 ಮೀಟರ್ ಮುಂದೆ ಹೋಗುತ್ತದೆ.

ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3200 ಸುತ್ತು ತಿರುಗಿದಾಗ, ಟಾಪ್ ಗೇರಿನಲ್ಲಿ, ಗಾಡಿಯ ವೇಗ ಗಂಟೆಗೆ 90 ಕಿಲೋಮೀಟರ್ ಆಸುಪಾಸು. ಸೇನೆ ನಮೂದಿಸಿದ ಗರಿಷ್ಠ ವೇಗ 55 ಮೈಲಿ, ಅಂದರೆ 88 ಕಿಲೋಮೀಟರ್. ಕಾಗದದ ಲೆಕ್ಕ ರಸ್ತೆಯ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.

ಈಗ ಈ ಗಾಡಿಗೆ ಅಮೆರಿಕನ್ನರು ತುಂಬ ಇಷ್ಟಪಡುವ ಎಂಜಿನ್ ತರೋಣ: ಕಮ್ಮಿನ್ಸ್ 4ಬಿಟಿ. 3.9 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಡೀಸೆಲ್, 105 ಅಶ್ವಶಕ್ತಿ. ಬ್ರೆಡ್ಡು, ಚಿಪ್ಸು ಹಂಚುವ ವ್ಯಾನುಗಳಲ್ಲಿ ಲಕ್ಷಾಂತರ ಮೈಲಿ ಓಡಿ, ಗುಜರಿಗೆ ಬಂದ ಮೇಲೂ ಜೀವ ಉಳಿಸಿಕೊಂಡಿರುವ ಎಂಜಿನ್. ಇದರ ಅಣ್ಣನಾದ ಆರು ಸಿಲಿಂಡರಿನ 5.9 ಲೀಟರ್ ಎಂಜಿನ್ ನಮ್ಮ ಲಾರಿಯವರಿಗೂ ಚಿರಪರಿಚಿತ. ಜಮ್‌ಶೆಡ್‌ಪುರದ ಟಾಟಾ ಕಮ್ಮಿನ್ಸ್ ಅದನ್ನು ಟಾಟಾ ಟ್ರಕ್ಕುಗಳಿಗೆ ತಯಾರಿಸಿತು.

ಅಶ್ವಶಕ್ತಿ 78ರಿಂದ 105ಕ್ಕೆ ಏರಿತು. ಗಾಡಿ ಇನ್ನೂ ಜೋರಾಗಿ ಓಡಬೇಕು, ಅಲ್ಲವೇ? ಇಲ್ಲ, ನಿಧಾನವಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಗವರ್ನರ್ ಇದೆ. ಅದನ್ನು ನಿಮಿಷಕ್ಕೆ 2500 ಸುತ್ತಿಗೆ ಕಟ್ಟಿದ್ದರೆ ಅದರಾಚೆ ಹೋಗಲು ಎಂಜಿನ್ ಒಪ್ಪುವುದಿಲ್ಲ. 2500ನ್ನು 5.83ರಿಂದ ಭಾಗಿಸಿ, ಟೈರಿನ ಸುತ್ತಳತೆಯಿಂದ ಗುಣಿಸಿ: ಗಂಟೆಗೆ 71 ಕಿಲೋಮೀಟರ್. ಇಷ್ಟೆಲ್ಲ ಖರ್ಚು ಮಾಡಿ, ತಿಂಗಳುಗಟ್ಟಲೆ ಮೈಕೈ ಗ್ರೀಸು ಮಾಡಿಕೊಂಡು, ಕೊನೆಗೆ ಮೊದಲಿಗಿಂತ 17 ಕಿಲೋಮೀಟರ್ ಕಡಿಮೆ ಓಡುವ ಗಾಡಿ. ಅಲ್ಲಿಗೂ ಎಂಜಿನ್ ತನ್ನ ಕೊನೆಯ ಸುತ್ತಿನಲ್ಲಿ ಅರಚುತ್ತಿರುತ್ತದೆ.

ಗೇರ್ ಬಾಕ್ಸ್ ಬದಲಾವಣೆ ಬರುವುದು ಇಲ್ಲಿಯೇ. 4ಬಿಟಿ ಹಾಕುವ ಜಾಣರು ಜೊತೆಗೆ ಓವರ್‌ಡ್ರೈವ್ ಇರುವ ಐದು ಗೇರಿನ ಎನ್‌ವಿ4500 ಪೆಟ್ಟಿಗೆಯನ್ನೂ ತರುತ್ತಾರೆ. ಅದರ ಐದನೇ ಗೇರಿನ ಅನುಪಾತ 0.73. ಎಂಜಿನ್ ಒಂದು ಸುತ್ತು ಮುಗಿಸುವ ಮೊದಲೇ ಶಾಫ್ಟ್ ಒಂದು ಸುತ್ತು ಮುಗಿಸಿರುತ್ತದೆ. ಅದೇ 2500 ಸುತ್ತಿಗೆ ಈಗ ವೇಗ 97 ಕಿಲೋಮೀಟರ್. 75ರಲ್ಲಿ ಹೋಗುವಾಗ ಎಂಜಿನ್ 1900ರ ಆಸುಪಾಸಿನಲ್ಲಿ ಆರಾಮವಾಗಿ ದುಡಿಯುತ್ತದೆ. ಡೀಸೆಲ್ಲಿಗೆ ಹೇಳಿ ಮಾಡಿಸಿದ ಜಾಗ ಅದು.

ಆದ್ದರಿಂದ ನಾನು ಹೇಳುವುದು ಒಂದೇ. ಎಂಜಿನ್ ಹುಡುಕಿಕೊಂಡು ಗುಜರಿಗೆ ಹೊರಡುವ ಮುಂಚೆ ಟೇಪು ಹಿಡಿದು ಟೈರು ಅಳೆಯಿರಿ. ಜಾಕ್ ಕೊಟ್ಟು ಹಿಂದಿನ ಆಕ್ಸಲ್ ಎತ್ತಿ, ಎರಡೂ ಚಕ್ರ ಒಟ್ಟಿಗೆ ಒಂದು ಸುತ್ತು ಬರುವಂತೆ ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ಬಂತು ಎಂದು ಎಣಿಸಿ. ಗಾಡಿ ಸಾಮಾನ್ಯವಾಗಿ ಎಷ್ಟು ವೇಗದಲ್ಲಿ ಓಡಬೇಕು ಎಂದು ನಿರ್ಧರಿಸಿ. ಆ ವೇಗಕ್ಕೆ ಬೇಕಾದ ಸುತ್ತು ತಾನೇ ಹೊರಬೀಳುತ್ತದೆ. ಆ ಸುತ್ತಿನಲ್ಲಿ ಹಾಯಾಗಿರುವ ಎಂಜಿನ್ ಯಾವುದೋ ಅದೇ ನಿಮ್ಮ ಎಂಜಿನ್. ನಮ್ಮಲ್ಲಿ ಬಹುಪಾಲು ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಪರಿಚಯದವರ ಹತ್ತಿರ ಒಂದು ಎಂಜಿನ್ ಅಗ್ಗಕ್ಕೆ ಸಿಕ್ಕಿತು, ತಂದು ಹಾಕಿದೆವು ಎನ್ನುತ್ತಾರೆ. ಆ ಗಾಡಿಗಳು ಎರಡು ಮಳೆಗಾಲದೊಳಗೆ ಗ್ಯಾರೇಜಿನ ಹಿತ್ತಲು ಸೇರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಇನ್ನೊಂದು ಲೆಕ್ಕ ಶಕ್ತಿಯದಲ್ಲ, ತಿರುಚುಬಲದ್ದು, ಟಾರ್ಕ್. 4ಬಿಟಿಯ ಟಾರ್ಕ್ ಸುಮಾರು 360 ನ್ಯೂಟನ್ ಮೀಟರ್. ಮೂಲ ಎಂಜಿನ್ನಿನ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಎಂ37ರ ಫಸ್ಟ್ ಗೇರ್ ಅದನ್ನು ಆರು ಪಟ್ಟಿಗೂ ಮೀರಿ ಹಿಗ್ಗಿಸುತ್ತದೆ, ಟ್ರಾನ್ಸ್‌ಫರ್ ಕೇಸಿನ ಲೋ ಮತ್ತೆ ಎರಡು ಪಟ್ಟು. ಆಕ್ಸಲ್ಲಿನ ಬಾಗಿಲಿಗೆ ಬರುವುದು 4000 ದಾಟಿದ ನ್ಯೂಟನ್ ಮೀಟರ್. ಕೆಸರಿನಲ್ಲಿ ಒಂದು ಚಕ್ರ ಹೂತು, ಇನ್ನೊಂದು ಬಂಡೆಗೆ ಕಚ್ಚಿಕೊಂಡಾಗ ಕ್ಲಚ್ ಥಟ್ಟನೆ ಬಿಟ್ಟರೆ ಏನಾಗುತ್ತದೆ? ಕ್ರಾಸ್ ಜಾಯಿಂಟ್ ಮುರಿಯುತ್ತದೆ, ಇಲ್ಲವೆ ಹಾಫ್ ಶಾಫ್ಟ್ ತಿರುಚಿಕೊಳ್ಳುತ್ತದೆ, ಇಲ್ಲವೆ ಕ್ರೌನ್-ಪಿನಿಯನ್ನಿನ ಹಲ್ಲು ಉದುರುತ್ತದೆ. ಸೇನೆಯ ಎಂಜಿನಿಯರುಗಳು 78 ಅಶ್ವಶಕ್ತಿಗೆ ತೂಗಿಸಿ ಮಾಡಿದ ಸರಪಳಿಯ ಮೇಲೆ ನಾವು ಹೊಸ ಭಾರ ಹೇರುತ್ತಿದ್ದೇವೆ ಎಂಬುದು ಚಾಲಕನ ಬಲಗಾಲಿಗೆ ಗೊತ್ತಿರಬೇಕು.

ಐದು ಥೌ

ಎಂಜಿನ್, ಗೇರ್ ಬಾಕ್ಸ್ ಎರಡೂ ಬೇರೆ ಬೇರೆ ಕಂಪನಿಯವಾದಾಗ ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ದಪ್ಪ ಉಕ್ಕಿನ ಹಲಗೆ, ಒಂದು ಮುಖಕ್ಕೆ ಎಂಜಿನ್ನಿನ ಬೋಲ್ಟ್ ತೂತು, ಇನ್ನೊಂದು ಮುಖಕ್ಕೆ ಬೆಲ್ ಹೌಸಿಂಗಿನ ತೂತು. ನೋಡಲು ಲೇತಿನ ಹುಡುಗನೂ ಒಂದು ದಿನದಲ್ಲಿ ಮಾಡಿಕೊಡುವಂಥದ್ದು. ಈ ಇಡೀ ಕಸುಬಿನ ಮರ್ಯಾದೆ ನಿಂತಿರುವುದು ಅದರ ಮೇಲೆ.

ಯಾಕೆಂದರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂಗು ಕ್ರ್ಯಾಂಕಿನ ಹಿಂಬದಿಯಲ್ಲಿರುವ ಪೈಲಟ್ ಬೇರಿಂಗಿನೊಳಗೆ ಕೂರುತ್ತದೆ. ಕ್ರ್ಯಾಂಕಿನ ನಡುಗೆರೆ ಮತ್ತು ಶಾಫ್ಟಿನ ನಡುಗೆರೆ ಒಂದೇ ಆಗಿರಬೇಕು. ಫ್ಲೈವೀಲಿನ ಮೇಲೆ ಡಯಲ್ ಗೇಜ್ ಕಟ್ಟಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತ ಹೌಸಿಂಗಿನ ನಡುತೂತಿನ ಅಂಚನ್ನು ಸುತ್ತಲೂ ಅಳೆದರೆ ಮುಳ್ಳು ಆಡುವುದು ಐದು ಥೌ ಮೀರಬಾರದು. ಐದು ಥೌ ಎಂದರೆ ಇಂಚಿನ ಸಾವಿರ ಪಾಲಿನಲ್ಲಿ ಐದು, ಮಿಲಿಮೀಟರಿನಲ್ಲಿ 0.13. ಮೀರಿದರೆ ಏನೂ ತಕ್ಷಣ ಮುರಿಯುವುದಿಲ್ಲ. ಅದೇ ಅಪಾಯ. ಗಾಡಿ ಓಡುತ್ತದೆ, ಮಾಲೀಕ ಸಂತೋಷಪಟ್ಟು ದುಡ್ಡು ಕೊಟ್ಟು ಹೋಗುತ್ತಾನೆ. ಆರು ತಿಂಗಳಿಗೆ ಕ್ಲಚ್ ಅದುರತೊಡಗುತ್ತದೆ, ಪೈಲಟ್ ಬೇರಿಂಗ್ ಪುಡಿಯಾಗುತ್ತದೆ, ಟಾಪ್ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ. ಎಲ್ಲರೂ ಗೇರ್ ಬಾಕ್ಸನ್ನು ಬೈಯುತ್ತಾರೆ. ದೋಷ ಇರುವುದು ಪ್ಲೇಟಿನಲ್ಲಿ.

ಶಾಫ್ಟಿನ ಉದ್ದವೂ ಹಾಗೆಯೇ. ಎರಡು ಮಿಲಿಮೀಟರ್ ಹೆಚ್ಚಾದರೆ ಮೂಗು ಕ್ರ್ಯಾಂಕನ್ನು ಒತ್ತಿ ಥ್ರಸ್ಟ್ ಬೇರಿಂಗನ್ನು ತಿನ್ನುತ್ತದೆ. ಕಡಿಮೆಯಾದರೆ ಬೇರಿಂಗಿಗೆ ಮುಟ್ಟುವುದೇ ಇಲ್ಲ. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಗೇರ್ ಬಾಕ್ಸಿಗೆ ಹೊಂದಬೇಕು, ಹೊರ ಅಳತೆ ಫ್ಲೈವೀಲಿಗೆ. ಟ್ರಕ್ಕು, ಜನರೇಟರು, ಕಟ್ಟಡದ ಯಂತ್ರಗಳ ಎಂಜಿನ್ನುಗಳಲ್ಲಿ ಬಹಳಷ್ಟಕ್ಕೆ ಎಸ್‌ಎಇ ಗುಣಮಟ್ಟದ ಹೌಸಿಂಗ್ ಇರುತ್ತದೆ. 1, 2, 3 ಎಂದು ನಂಬರು. ನಂಬರು ಒಂದೇ ಆದರೆ ಯಾವ ಕಂಪನಿಯ ಎಂಜಿನ್ನಿಗೂ ಯಾವ ಕಂಪನಿಯ ಹೌಸಿಂಗೂ ಬೋಲ್ಟಾಗುತ್ತದೆ. ಅಂಥ ಎಂಜಿನ್ ಆರಿಸಿದರೆ ಅರ್ಧ ತಲೆನೋವು ಆರಂಭದಲ್ಲೇ ಹೋಯಿತು.

ಮುಂದಿನ ತೊಡಕು ಎಂಜಿನ್ನಿನ ಅಡಿಯಲ್ಲಿ. ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಡಿಫರೆನ್ಷಿಯಲ್ಲಿನ ಗುಂಡು ಎಂಜಿನ್ನಿನ ಚೇಂಬರಿನ ಕೆಳಗೇ ಇರುತ್ತದೆ. ಗುಂಡಿಗೆ ಬಿದ್ದಾಗ ಅದು ಮೇಲಕ್ಕೆ ಚಿಮ್ಮುತ್ತದೆ. ನಿಂತ ಗಾಡಿಯಲ್ಲಿ ಜಾಗ ಇದೆ ಎಂದು ಚೇಂಬರ್ ಕೂರಿಸಿದವರಿಗೆ ಮೊದಲ ಹಳ್ಳದಲ್ಲೇ ಆಯಿಲ್ ಚೆಲ್ಲುತ್ತದೆ. ಕೆಲವರು ಚೇಂಬರನ್ನು ಕತ್ತರಿಸಿ ಗಿಡ್ಡ ಮಾಡುತ್ತಾರೆ. ಆಗ ಆಯಿಲ್ ಕಡಿಮೆಯಾಗುತ್ತದೆ, ಕಡಿದಾದ ಏರಿನಲ್ಲಿ ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ, ಬೇರಿಂಗು ಹೋಗುತ್ತದೆ. ಒಂದೇ ಎಂಜಿನ್ ಬಸ್ಸಿಗೆ, ಟ್ರ್ಯಾಕ್ಟರಿಗೆ, ಜನರೇಟರಿಗೆ ಹೋಗುವಾಗ ಬೇರೆ ಬೇರೆ ಆಕಾರದ ಚೇಂಬರ್ ಇರುತ್ತದೆ. ಅದನ್ನು ಹುಡುಕಿ ತರುವುದು ಸರಿಯಾದ ದಾರಿ.

ಫೌಂಡೇಶನ್ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ: ಚಾಸಿಗೆ ವೆಲ್ಡಿಂಗ್ ಮುಟ್ಟಿಸಬಾರದು, ತುಂಡರಿಸಬಾರದು. ಇರುವ ತೂತುಗಳಿಗೇ ಬೋಲ್ಟಾಗುವಂತೆ ಹೊಸ ಕ್ರಾಸ್ ಮೆಂಬರ್ ಮಾಡಿಸಿ, ಹೊಸ ಎಂಜಿನ್ನಿನ ಸ್ವಂತ ಗಾಡಿಯಿಂದ ಬಂದ ರಬ್ಬರಿನ ಮೇಲೆ ಕೂರಿಸಬೇಕು. ನಾಲ್ಕು ಸಿಲಿಂಡರಿನ ಡೀಸೆಲ್ ಐಡ್ಲಿಂಗಿನಲ್ಲಿ ಗಾಡಿಯನ್ನೇ ನಡುಗಿಸುತ್ತದೆ. ಗಟ್ಟಿ ರಬ್ಬರ್ ಹಾಕಿದರೆ ಆ ನಡುಕ ರೇಡಿಯೇಟರಿನ ಬೆಸುಗೆಗೆ, ಮೀಟರ್ ಬೋರ್ಡಿಗೆ, ಚಾಲಕನ ಬೆನ್ನಿಗೆ ಹೋಗುತ್ತದೆ.

ಬೋಲ್ಟಿನ ಕೆಲಸಕ್ಕೆ ಇನ್ನೊಂದು ಗುಣವಿದೆ, ನಾಳೆ ಬಿಚ್ಚಬಹುದು. ಮೊಮ್ಮಗನಿಗೆ ಎಂದಾದರೂ ಮೂಲ ಎಂಜಿನ್ ವಾಪಸು ಹಾಕುವ ಮನಸ್ಸಾದರೆ ಚಾಸಿ ಅದಕ್ಕೆ ತಯಾರಿರಬೇಕು.

ಎಂ37ರಂಥ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿರುವುದಿಲ್ಲ. ಪ್ರತ್ಯೇಕವಾಗಿ ತೂಗುತ್ತಿರುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟ್. ಉದ್ದನೆಯ ಹೊಸ ಗೇರ್ ಬಾಕ್ಸ್ ಬಂದಾಗ ಈ ಗಿಡ್ಡ ಶಾಫ್ಟ್ ಇನ್ನೂ ಗಿಡ್ಡವಾಗಿ, ಅದರ ಕೋನ ಕಡಿದಾಗುತ್ತದೆ. ಕ್ರಾಸ್ ಜಾಯಿಂಟಿನ ನಿಯಮ ಸರಳ. ಶಾಫ್ಟಿನ ಎರಡೂ ತುದಿಯ ಕೋನ ಸಮವಾಗಿರಬೇಕು, ಆದಷ್ಟು ಚಿಕ್ಕದಿರಬೇಕು. ತಪ್ಪಿದರೆ ಗಾಡಿ ಒಂದು ನಿರ್ದಿಷ್ಟ ವೇಗದಲ್ಲಿ ಗುಂಯ್‌ಗುಡುತ್ತದೆ, ಸೀಲುಗಳು ಸೋರುತ್ತವೆ. ಟ್ರಾನ್ಸ್‌ಫರ್ ಕೇಸನ್ನೇ ಹಿಂದಕ್ಕೆ ಸರಿಸಿ, ಹಿಂದಿನ ಶಾಫ್ಟ್ ಗಿಡ್ಡ, ಮುಂದಿನದು ಉದ್ದ ಮಾಡಿಸಿ, ಎರಡನ್ನೂ ಬ್ಯಾಲೆನ್ಸ್ ಮಾಡಿಸುವುದು ಖರ್ಚಿನ ಬಾಬು. ಆದರೆ ಉಳಿತಾಯಕ್ಕೆ ಇದು ಜಾಗವಲ್ಲ.

ಘಾಟಿ ಇಳಿಯುವಾಗ

ಎಂ35ಎ3ಗೆ ಸೇನೆ ಆಟೊಮ್ಯಾಟಿಕ್ ಹಾಕಿತು ಎಂದೆನಲ್ಲ, ಅದಕ್ಕೆ ಕಾರಣವಿತ್ತು. ಟಾರ್ಕ್ ಕನ್ವರ್ಟರ್ ಎಣ್ಣೆಯ ಮೂಲಕ ಬಲ ದಾಟಿಸುವುದರಿಂದ ಕ್ಲಚ್ಚಿನ ಥಟ್ ಏಟು ಆಕ್ಸಲ್ಲಿಗೆ ಬೀಳುವುದಿಲ್ಲ, ಹೊಸ ಚಾಲಕನಿಗೂ ಗಾಡಿ ಒಲಿಯುತ್ತದೆ. ಮರಳು, ಕೆಸರಿನ ಬಯಲಿಗೆ ಇದು ವರ. ನಮ್ಮ ಘಾಟಿಗಳಿಗೆ? ನಾನು ಕೈ ಗೇರನ್ನೇ ಆರಿಸುತ್ತೇನೆ. ಇಳಿಜಾರಿನಲ್ಲಿ ಕನ್ವರ್ಟರ್ ಸಡಿಲ ಬಿಡುತ್ತದೆ. ಮೇಲಾಗಿ ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಗಾಳಿ ತಡೆಯುವ ಥ್ರಾಟಲ್ ಇಲ್ಲ, ಆದ್ದರಿಂದ ಪೆಡಲ್ ಬಿಟ್ಟಾಗ ಎಂಜಿನ್ ಗಾಡಿಯನ್ನು ಹಿಡಿದೆಳೆಯುವುದೂ ಕಡಿಮೆ. ಪೆಟ್ರೋಲ್ ಗಾಡಿಯ ಅಭ್ಯಾಸದಲ್ಲಿ ಚಾರ್ಮಾಡಿ ಅಥವಾ ಶಿರಾಡಿ ಇಳಿಯುವವನು ಇದನ್ನು ಮೊದಲ ತಿರುವಿನಲ್ಲೇ ಅರಿಯುತ್ತಾನೆ. ಲಾರಿಗಳಲ್ಲಿರುವಂಥ ಎಗ್ಸಾಸ್ಟ್ ಬ್ರೇಕ್ ಒಂದನ್ನು ಜೊತೆಗೇ ಅಳವಡಿಸುವುದು ಒಳ್ಳೆಯದು.

ಬ್ರೇಕಿನ ಮಾತು ಬಂದಾಗ ನನಗೆ ಸಿಟ್ಟು ಬರುತ್ತದೆ. ಎಂಜಿನ್ನಿಗೆ ಲಕ್ಷ ಸುರಿದವರು ಬ್ರೇಕಿಗೆ ಹಳೆಯ ವಾಷರೇ ಸಾಕು ಎನ್ನುತ್ತಾರೆ. ಎಂ37ರಂಥ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ, ಬ್ರೇಕಿನ ಸಾಲು ಒಂದೇ. ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. 70ರಲ್ಲಿ ಓಡುವಾಗ ಇದ್ದ ಅಪಾಯ 95ರಲ್ಲಿ ಇನ್ನೂ ದೊಡ್ಡದು. ಮುಂದಿನ, ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಸಾಲಿರುವ ಮಾಸ್ಟರ್ ಸಿಲಿಂಡರ್ ಹಾಕಿಸದೆ ಹೊಸ ಎಂಜಿನ್ನನ್ನು ರಸ್ತೆಗೆ ಇಳಿಸಬಾರದು. ಬೂಸ್ಟರ್ ಇರುವ ಗಾಡಿಯಲ್ಲಿ ಇನ್ನೊಂದು ಬಲೆ ಇದೆ. ಪೆಟ್ರೋಲ್ ಎಂಜಿನ್ ತನ್ನ ಮ್ಯಾನಿಫೋಲ್ಡಿನಲ್ಲೇ ನಿರ್ವಾತ ಹುಟ್ಟಿಸಿ ಬೂಸ್ಟರಿಗೆ ಕೊಡುತ್ತದೆ, ಡೀಸೆಲ್ ಕೊಡುವುದಿಲ್ಲ. ಅದಕ್ಕೆ ವ್ಯಾಕ್ಯೂಮ್ ಪಂಪು ಬೇಕು. ಎಂ35ರಂತೆ ಗಾಳಿಯ ನೆರವಿನ ಬ್ರೇಕಿರುವ ಗಾಡಿಯಾದರೆ ಹೊಸ ಎಂಜಿನ್ನಿಗೆ ಕಂಪ್ರೆಸರ್ ಇರಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸೇನಾ ಗಾಡಿಗಳ ವಿದ್ಯುತ್ ಸಾಮಾನ್ಯವಾಗಿ 24 ವೋಲ್ಟು. ಹೊಸ ಎಂಜಿನ್ನಿನ ಸೆಲ್ಫ್ 12 ವೋಲ್ಟಿನದಾದರೆ ಎಲ್ಲವನ್ನೂ ಒಂದೇ ವೋಲ್ಟಿಗೆ ತರಬೇಕು, ಅರ್ಧಂಬರ್ಧ ಜೋಡಣೆ ಬೆಂಕಿಗೆ ದಾರಿ. ಡೀಸೆಲ್ ಪಂಪಿಗೆ ಟ್ಯಾಂಕಿಗೆ ಮರಳುವ ಪೈಪು ಬೇಕು. ಟ್ಯಾಂಕಿನ ತುಕ್ಕನ್ನು ಪೂರ್ತಿ ತೊಳೆಯದಿದ್ದರೆ ನಾಜಲ್ಲುಗಳು ಹಾಳಾಗುತ್ತವೆ. ಒಂದು ಲಾಭವನ್ನೂ ಹೇಳಬೇಕು. ಡೀಸೆಲ್ಲಿಗೆ ಕಿಡಿಯ ಹಂಗಿಲ್ಲದ್ದರಿಂದ ಹೊಳೆ ದಾಟುವಾಗ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ನಡುನೀರಿನಲ್ಲಿ ಗಾಡಿ ನಿಲ್ಲುವ ಭಯ ಇಲ್ಲ. ಏರ್ ಕ್ಲೀನರಿನ ಬಾಯಿ ನೀರಿಗಿಂತ ಮೇಲಿದ್ದರೆ ಸಾಕು.

ಆರ್‌ಸಿಯಲ್ಲಿ ಏನಿದೆ

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕಾನೂನು ಅಡ್ಡ ನಿಲ್ಲಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ. ಬೇರೆ ಇಂಧನಕ್ಕೆ ಒಗ್ಗಿಸುವ ಪರಿವರ್ತನಾ ಕಿಟ್‌ಗಳಿಗೆ ಷರತ್ತಿನ ವಿನಾಯಿತಿ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಬಿಗಿಯಾಗಿಯೇ ಓದಿತು. ಆದ್ದರಿಂದ ಎಂಜಿನ್ ಖರೀದಿಗೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ಅಪಘಾತವಾದಾಗ ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ ವಿಮೆಯ ವಿಷಯದಲ್ಲೂ ತೊಂದರೆ ಖಚಿತ.

2021ರಲ್ಲಿ ಬಂದ ವಿಂಟೇಜ್ ನಿಯಮ ಇನ್ನೊಂದು ಗೆರೆ ಎಳೆದಿದೆ. ಐವತ್ತು ವರ್ಷ ದಾಟಿದ, ಖಾಸಗಿ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ‘ವಿಎ’ ಅಕ್ಷರವಿರುವ ವಿಶೇಷ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಯುದ್ಧಕಾಲದ ವಿಲ್ಲೀಸ್ ಜೀಪಿಗೆ ಇಂದು ಡೀಸೆಲ್ ಹಾಕಿಸಿದವರು ನಾಳೆ ಈ ಮಾನ್ಯತೆ ಕೇಳಲು ಬರುವುದಿಲ್ಲ. ಬ್ರಿಟನ್ನಿನಲ್ಲಿ 2018ರಿಂದ ಇರುವ ಸೂತ್ರ ಇದಕ್ಕಿಂತ ವಿವೇಕದ್ದು ಎಂದು ನನ್ನ ಭಾವನೆ. ನಲವತ್ತು ವರ್ಷ ದಾಟಿದ ಐತಿಹಾಸಿಕ ವಾಹನಕ್ಕೆ ಅದೇ ಮೂಲದ ಬೇರೆ ಸಿಸಿಯ ಎಂಜಿನ್, ಅಥವಾ ಆ ಗಾಡಿಗೆ ಕಂಪನಿಯೇ ಪರ್ಯಾಯವಾಗಿ ಕೊಡುತ್ತಿದ್ದ ಎಂಜಿನ್ ಹಾಕಿದರೆ ಅದನ್ನು ಗಣನೀಯ ಬದಲಾವಣೆ ಎಂದು ಎಣಿಸುವುದಿಲ್ಲ. ಜೋಂಗಾವನ್ನೇ ನೋಡಿ. 1990ರ ದಶಕದಲ್ಲಿ ನಾಗರಿಕರಿಗೆ ಮಾರಿದ ಜೋಂಗಾಗಳಿಗೆ ಅಶೋಕ್ ಲೇಲ್ಯಾಂಡಿನ ಹಿನೋ ಡೀಸೆಲ್ ಎಂಜಿನ್ ಹಾಕಿದ್ದು ತಯಾರಕರೇ. ಹಳೆಯ ಜೋಂಗಾಕ್ಕೆ ಅದೇ ಎಂಜಿನ್ ಕೂರಿಸಿದವನನ್ನು ಗಾಡಿ ಕೆಡಿಸಿದವನು ಎನ್ನುವುದು ಹೇಗೆ? ನಮ್ಮ ನಿಯಮದಲ್ಲೂ ಇಂಥ ಒಂದು ಸಾಲಿಗೆ ಜಾಗವಿರಬೇಕು.

ನನ್ನ ನಿಲುವು ಹೀಗೆ: ಮೂಲ ಎಂಜಿನ್ ನಂಬರಿನೊಂದಿಗೆ ಉಳಿದಿರುವ ಯುದ್ಧಕಾಲದ ಜೀಪನ್ನು, ಡಾಡ್ಜನ್ನು, ಷೆವರ್ಲೆಯನ್ನು ಮುಟ್ಟಬೇಡಿ. ಅಂಥವು ಇನ್ನು ಕೆಲವೇ. ಮೂಲ ಎಂಜಿನ್ ಎಂದೋ ಕಳೆದುಹೋಗಿ ಬರಿ ಚಾಸಿ ನಿಂತಿರುವ ಗಾಡಿಗೆ ಸೂಕ್ತ ಎಂಜಿನ್ ಹಾಕಿ ಓಡಿಸಿ, ಅದರಲ್ಲಿ ಸಂಕೋಚ ಬೇಡ. ಹುಟ್ಟಿನಿಂದಲೇ ಡೀಸೆಲ್ ಆಗಿದ್ದ ಶಕ್ತಿಮಾನ್‌ನಂಥ ಟ್ರಕ್ಕಿನಲ್ಲಿ ಎಂಜಿನ್ ರಿಪೇರಿಗೆ ಇರುವ ದಾರಿಗಳೆಲ್ಲ ಮುಗಿದ ಮೇಲೆ ಮಾತ್ರ ಬದಲಿಯ ಯೋಚನೆ ಮಾಡಿ.

ಇಳಿಸಿದ ಹಳೆಯ ಎಂಜಿನ್ನನ್ನು ಕೆಜಿ ಲೆಕ್ಕಕ್ಕೆ ತೂಗಿಸಿ ಕೊಡಬೇಡಿ. ಸಿಲಿಂಡರುಗಳಿಗೆ ಆಯಿಲ್ ಸುರಿದು, ತೂತುಗಳನ್ನೆಲ್ಲ ಮುಚ್ಚಿ, ನಂಬರ್ ಬರೆದ ಚೀಟಿ ಕಟ್ಟಿ, ನೆಲದಿಂದ ಎತ್ತರಿಸಿದ ಮರದ ಹಲಗೆಯ ಮೇಲೆ ಒಣ ಜಾಗದಲ್ಲಿ ಇಡಿ. ಗೇರ್ ಬಾಕ್ಸ್, ಬೆಲ್ ಹೌಸಿಂಗ್, ಫೌಂಡೇಶನ್ ಬ್ರಾಕೆಟ್ಟು, ಅವುಗಳ ಬೋಲ್ಟುಗಳನ್ನೂ ಅದರ ಪಕ್ಕದಲ್ಲೇ ಜೋಡಿಸಿ. ಗಾಡಿಯನ್ನು ಎಂದಾದರೂ ಮಾರುವುದಾದರೆ ಇವೆಲ್ಲವನ್ನೂ ಗಾಡಿಯ ಜೊತೆಗೇ ಕೊಡಿ.